ಪರದೆಯಲ್ಲಿ ಹಸಿರು ಗೆರೆ: ಕೌಂಟರಿನಲ್ಲಿ ಏನು ಬರೆಸಬೇಕು, ಆಮೇಲೆ ಎಲ್ಲಿಗೆ ಹೋಗಬೇಕು

ಫೋನು ಬಿದ್ದಿಲ್ಲ, ನೀರು ತಾಗಿಲ್ಲ. ಆದರೂ ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ ಅಮೊಲೆಡ್ ಪರದೆಯ ಉದ್ದಕ್ಕೂ ಒಂದು ಹಸಿರು ಗೆರೆ. ಸರ್ವಿಸ್ ಸೆಂಟರಿನ ಉತ್ತರ ಸಾಮಾನ್ಯವಾಗಿ ಒಂದೇ: ವಾರಂಟಿ ಮುಗಿದಿದೆ, ಡಿಸ್‌ಪ್ಲೇ ಪೂರ್ತಿ ಬದಲಿಸಬೇಕು, ದುಡ್ಡು ನೀವೇ ಕೊಡಬೇಕು. ತಯಾರಿಕೆಯ ದೋಷವೆಂದು ಒಬ್ಬರಿಗೆ ಒಪ್ಪಿಕೊಂಡರೆ ಆ ಮಾಡೆಲ್ ಕೊಂಡ ಎಲ್ಲರೂ ಬಂದು ಕೇಳುತ್ತಾರೆ. ಕಂಪನಿಗಳು ಹಿಂಜರಿಯುವುದು ಅದಕ್ಕೇ. ಆದರೂ ಗ್ರಾಹಕರ ದೂರು ಹೆಚ್ಚಿದ ಮೇಲೆ 2024ರಲ್ಲಿ ಒನ್‌ಪ್ಲಸ್ ಭಾರತದಲ್ಲಿ ಹಸಿರು ಗೆರೆಗೆ ಜೀವಮಾನದ ವಾರಂಟಿ ಘೋಷಿಸಿತು. ನಿಮ್ಮ ಮಾಡೆಲಿಗೂ ಇಂಥ ಸೌಲಭ್ಯ ಇದೆಯೇ ಎಂದು ಮೊದಲು ವಿಚಾರಿಸಿ. ಕೌಂಟರಿನವರು ತಾವಾಗಿ ಹೇಳಲಿಕ್ಕಿಲ್ಲ.

ಹೋಗುವ ಮುನ್ನ ಬ್ಯಾಕಪ್ ಮಾಡಿಕೊಳ್ಳಿ. ಬಿಲ್ಲು, *#06# ಒತ್ತಿದರೆ ಬರುವ ಐಎಂಇಐ ನಂಬರು (ಫೋನಿನ ಗುರುತಿನ ಸಂಖ್ಯೆ) ಕೈಯಲ್ಲಿರಲಿ. ಗೆರೆಯ ವಿಡಿಯೊ, ಫೋನಿನ ನಾಲ್ಕೂ ಮೂಲೆಗಳ ಫೋಟೊ ಮನೆಯವರ ಫೋನಿನಲ್ಲಿ ತೆಗೆಸಿ. ಮುಂಬಯಿ ಮಳೆಯಲ್ಲಿ ಇದಕ್ಕಿಂತಲೂ ಮುಖ್ಯವಾದದ್ದು ಸಿಮ್ ಟ್ರೇ. ಹಲವು ಫೋನುಗಳಲ್ಲಿ ಆ ಸಂದಿಯೊಳಗೆ ಸಣ್ಣ ಬಿಳಿ ಸ್ಟಿಕರ್ ಇರುತ್ತದೆ, ನೀರು ತಾಗಿದರೆ ಕೆಂಪಾಗುತ್ತದೆ. ಟ್ರೇ ತೆಗೆದು, ಟಾರ್ಚ್ ಬಿಟ್ಟು ಅದರ ಫೋಟೊ ತೆಗೆದಿಟ್ಟುಕೊಳ್ಳಿ. 'ಒಳಗೆ ನೀರು ಹೋಗಿದೆ' ಎಂದು ಆಮೇಲೆ ಯಾರಾದರೂ ಹೇಳಿದರೆ ತೋರಿಸಲಿಕ್ಕೆ ಬೇಕು. ಸರ್ವಿಸ್ ಸೆಂಟರಿಗೆ ತೋರಿಸುವವರೆಗೆ ಲ್ಯಾಮಿಂಗ್ಟನ್ ರೋಡಿನ ರಿಪೇರಿ ಅಂಗಡಿಗಳಲ್ಲಿ ಅಗ್ಗಕ್ಕೆ ಬಿಚ್ಚಿಸಲೇಬೇಡಿ. ಹೊರಗೆ ಬಿಚ್ಚಿದ್ದಾರೆ ಎಂಬುದೇ ಕಂಪನಿಗೆ ನೆಪವಾಗುತ್ತದೆ.

ಇಡೀ ವ್ಯವಹಾರ ನಿಂತಿರುವುದು ಜಾಬ್ ಶೀಟಿನ ಮೇಲೆ, ಅಂದರೆ ಫೋನು ಒಪ್ಪಿಸುವಾಗ ಕೌಂಟರಿನಲ್ಲಿ ದೋಷವನ್ನು ಬರೆದುಕೊಡುವ ಕಾಗದದ ಮೇಲೆ. ಮುಂಬಯಿಯ ನಮ್ಮ ಹೋಟೆಲುಗಳಲ್ಲಿ ದುಡಿಯುವ ಎಷ್ಟೋ ಹುಡುಗರು ಇಂಗ್ಲಿಷಿನ ಆ ಕಾಗದವನ್ನು ಓದದೆ ಸಹಿ ಹಾಕಿ ಬರುತ್ತಾರೆ. ಓದಲು ಬರುವವರು ಜೊತೆಗೆ ಹೋಗಿ, ದಯವಿಟ್ಟು. 'ಡಿಸ್‌ಪ್ಲೇ ಪ್ರಾಬ್ಲಂ' ಎಂದಷ್ಟೇ ಬರೆದರೆ ಸಾಲದು. ಪೆಟ್ಟು ಬಿದ್ದ ಗುರುತಿಲ್ಲ, ನೀರಿನ ಗುರುತಿಲ್ಲ, ಇಂಥ ತಾರೀಕಿನ ಅಪ್‌ಡೇಟ್ ನಂತರ ಗೆರೆ ಬಂದಿದೆ ಎಂದು ಬರೆಸಿ. ಉಚಿತವಾಗಿ ಮಾಡಿಕೊಡುವುದಿಲ್ಲ ಎಂದರೆ ಅದನ್ನೂ ಕಾರಣ ಸಮೇತ ಬರೆದುಕೊಡಲಿ. ಬರೆದುಕೊಡದಿದ್ದರೆ ನಡೆದದ್ದನ್ನೆಲ್ಲ ಅದೇ ಸಂಜೆ ಕಂಪನಿಗೆ ಇಮೇಲ್ ಮಾಡಿ.

ಮುಂದಿನದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, 1915. ಕನ್ನಡದಲ್ಲೂ ಮಾತಾಡಬಹುದು. ಎಷ್ಟೋ ದೂರುಗಳು ಇಲ್ಲಿಗೇ ಬಗೆಹರಿಯುತ್ತವೆ.

ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು: ಡೊಂಬಿವಲಿಯವರಿಗೆ ಠಾಣೆ ಜಿಲ್ಲೆ, ಅಂಧೇರಿಯವರಿಗೆ ಮುಂಬಯಿ ಉಪನಗರ ಜಿಲ್ಲೆ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಗಡುವು, ದೂರಿನ ಕಾರಣ ಹುಟ್ಟಿದ ದಿನದಿಂದ 2 ವರ್ಷ. ವಾರಂಟಿ ಮುಗಿದ ಫೋನಿನಲ್ಲಿ ತಯಾರಿಕೆಯ ದೋಷವನ್ನು ಸಾಬೀತುಮಾಡುವುದು ಕಷ್ಟವೇ. ಅಗತ್ಯ ಕಂಡರೆ ಆಯೋಗ ಫೋನನ್ನು ಪ್ರಯೋಗಾಲಯದ ಪರೀಕ್ಷೆಗೆ ಕಳಿಸಬಹುದು. ಅಂಗಡಿಯವರೊಬ್ಬರ ಮೇಲೆ ಮಾತ್ರ ದೂರು ಬರೆಯಬೇಡಿ. ಫೋನು ತಯಾರಿಸಿದ ಕಂಪನಿಯನ್ನೂ ಸರ್ವಿಸ್ ಸೆಂಟರನ್ನೂ ಎದುರುದಾರರಾಗಿ ಸೇರಿಸಿ.