ಡೆಂಡ್ರಿಟಿಕ್ ಕೋಶಗಳನ್ನೇ ಲಸಿಕೆಯಾಗಿ ಬಳಸಿದ ಅನುಭವ

ನ್ಯುಮೋನಿಯಾ ತರುವ ನ್ಯುಮೋಕಾಕಸ್ ಬ್ಯಾಕ್ಟೀರಿಯಾದ ಹೊರಕವಚದಲ್ಲಿ ಸುಮಾರು ನೂರು ಬಗೆಗಳಿದ್ದು, ಬಳಕೆಯಲ್ಲಿರುವ ಲಸಿಕೆಗಳು ಅವುಗಳಲ್ಲಿ ಕೆಲವನ್ನು ಮಾತ್ರ ಎದುರಿಸುತ್ತವೆ. ಇಡೀ ಬ್ಯಾಕ್ಟೀರಿಯಾವನ್ನು ರೋಗನಿರೋಧಕ ವ್ಯವಸ್ಥೆಯ ಡೆಂಡ್ರಿಟಿಕ್ ಕೋಶಗಳಿಗೆ ಉಣಿಸಿ, ಆ ಕೋಶಗಳನ್ನೇ ಇಲಿಗಳಿಗೆ ಕೊಟ್ಟರೆ, ಕವಚ ಬೇರೆಯಾದರೂ ಬದಲಾಗದ ಪ್ರೋಟೀನುಗಳನ್ನು ಸೋಂಕಿನ ವಿರುದ್ಧ ಹೋರಾಡುವ ಟಿ ಕೋಶಗಳು ಗುರುತಿಸಬಹುದೆಂಬ ನಿರೀಕ್ಷೆಯಿಂದ ನಾನು ಈ ಕೆಲಸಕ್ಕೆ ಕೈಹಾಕಿದೆ. ಸ್ಟೈನ್‌ಮನ್ ಮತ್ತು ಕೋಹ್ನ್ ಎಂಬ ವಿಜ್ಞಾನಿಗಳು 1973ರಲ್ಲಿ ವಿವರಿಸಿದ ಈ ಡೆಂಡ್ರಿಟಿಕ್ ಕೋಶಗಳಿಗೆ ಪ್ರತಿಜನಕವನ್ನು (ರೋಗನಿರೋಧಕ ವ್ಯವಸ್ಥೆ ಗುರುತಿಸುವ ವಸ್ತುವನ್ನು) ಟಿ ಕೋಶಗಳ ಮುಂದೆ ಹಿಡಿದು ತೋರಿಸುವುದೇ ಕಸುಬು.

ಇಲಿಯ ತೊಡೆ ಮತ್ತು ಕಣಕಾಲಿನ ಮೂಳೆಗಳಿಂದ ಮಜ್ಜೆಯನ್ನು ಸಿರಿಂಜಿನಲ್ಲಿ ತೊಳೆದು ತೆಗೆದು, ಕೆಂಪು ರಕ್ತಕಣಗಳನ್ನು ಅಮೋನಿಯಂ ಕ್ಲೋರೈಡ್ ದ್ರಾವಣದಿಂದ ಒಡೆದು, ಉಳಿದ ಕೋಶಗಳನ್ನು ಜಿಎಂ-ಸಿಎಸ್‌ಎಫ್ ಎಂಬ, ಕೋಶಗಳ ಬೆಳವಣಿಗೆಗೆ ನೆರವಾಗುವ ಪ್ರೋಟೀನ್ ಬೆರೆಸಿದ ಪೋಷಕ ಮಾಧ್ಯಮದಲ್ಲಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಡೆಂಡ್ರಿಟಿಕ್ ಕೋಶಗಳಾಗಿ ಬೆಳೆಸಿದೆ. ಶಾಖದಿಂದ ಕೊಂದ ಬ್ಯಾಕ್ಟೀರಿಯಾವನ್ನು ಸೇರಿಸುವ ಹೊತ್ತು ಇಲ್ಲಿ ಬಹಳ ಮುಖ್ಯ. ಎಳೆಯ ಕೋಶಗಳು ಚೆನ್ನಾಗಿ ನುಂಗುತ್ತವೆ, ಪಕ್ವವಾದವು ನುಂಗುವುದನ್ನು ಕಡಿಮೆ ಮಾಡಿ ತೋರಿಸುವುದಕ್ಕೆ ತೊಡಗುತ್ತವೆ. ಉಣಿಸಿದ ಮೇಲೆ ಡೆಂಡ್ರಿಟಿಕ್ ಕೋಶಗಳ ಗುರುತಾದ ಸಿಡಿ11ಸಿ ಇರುವ ಕೋಶಗಳಲ್ಲಿ, ಪಕ್ವತೆಯನ್ನು ಸೂಚಿಸುವ ಸಿಡಿ86 ಏರಿದೆಯೇ ಎಂದು, ಕೋಶಗಳನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೊಮೀಟರಿನಲ್ಲಿ ನೋಡದೆ, ಕೋಶಗಳ ಯಾವ ತಂಡವನ್ನೂ ನಾನು ಬಳಸಲಿಲ್ಲ.

ಹೆಚ್ಚು ಯೋಚನೆಗೆ ಹಚ್ಚಿದ್ದು ಸೀರಮ್, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ. ಮಾಧ್ಯಮದಲ್ಲಿ ಸಾಮಾನ್ಯವಾಗಿ ಬಳಸುವ ಕರುಭ್ರೂಣದ ಸೀರಮ್ಮಿನ ಪ್ರೋಟೀನುಗಳನ್ನೂ ಈ ಕೋಶಗಳು ನುಂಗುವುದರಿಂದ, ಇಲಿಯ ಟಿ ಕೋಶಗಳು ಎಚ್ಚೆತ್ತದ್ದು ಬ್ಯಾಕ್ಟೀರಿಯಾದ ಮೇಲೋ ಹಸುವಿನ ಪ್ರೋಟೀನಿನ ಮೇಲೋ ಹೇಳಲಾಗುವುದಿಲ್ಲ. ಕೊನೆಯ ಹಂತಗಳಲ್ಲಿ ಇಲಿಯದೇ ಸೀರಮ್ ಬಳಸಿ, ಏನನ್ನೂ ಉಣಿಸದ ಕೋಶಗಳನ್ನು ಪಡೆದ ಒಂದು ಗುಂಪನ್ನೂ ಸತ್ತ ಬ್ಯಾಕ್ಟೀರಿಯಾವನ್ನಷ್ಟೇ ಪಡೆದ ಇನ್ನೊಂದು ಗುಂಪನ್ನೂ ಜೊತೆಗಿರಿಸಿಕೊಂಡೆ. ಈ ಎರಡು ಗುಂಪುಗಳಿಲ್ಲದ ಫಲಿತಾಂಶವನ್ನು, ಅದೆಷ್ಟೇ ಅಂದವಾಗಿದ್ದರೂ, ನಾನು ನಂಬುವುದಿಲ್ಲ.

ರಕ್ತನಾಳಕ್ಕೆ ಕೊಟ್ಟ ಕೋಶಗಳು ಮೊದಲು ಶ್ವಾಸಕೋಶದಲ್ಲಿ ತಡೆದು ನಿಂತು, ಅನಂತರ ಯಕೃತ್ತು ಮತ್ತು ಗುಲ್ಮದತ್ತ ಸರಿಯುತ್ತವೆ. ಶ್ವಾಸನಾಳದ ಒಳಪದರದಲ್ಲೇ ರಕ್ಷಣೆ ಬೇಕಿದ್ದರಿಂದ ನಾನು ಮೂಗಿನ ದಾರಿಯನ್ನು ಆರಿಸಿಕೊಂಡೆ. ಲಘು ಅರಿವಳಿಕೆಯಲ್ಲಿ 50 ಮೈಕ್ರೋಲೀಟರಿನಷ್ಟು ದ್ರವ ಶ್ವಾಸಕೋಶಕ್ಕೆ ಇಳಿಯುತ್ತದೆ, 10 ಮೈಕ್ರೋಲೀಟರ್ ಬಹುಮಟ್ಟಿಗೆ ಮೂಗಿನಲ್ಲೇ ಉಳಿಯುತ್ತದೆ. ಕೋಶ ಕೊಟ್ಟ ಬೆನ್ನಿಗೇ ಸೋಂಕು ತಗುಲಿಸಬಾರದು. ಆಗ ಕಾಣುವ ರಕ್ಷಣೆ ಬರಿಯ ಉರಿಯೂತದ್ದೂ ಆಗಿರಬಹುದು. ವಾರಗಳ ಬಿಡುವಿನ ನಂತರ ಸೋಂಕು ತಗುಲಿಸಿ, ಶ್ವಾಸಕೋಶವನ್ನು ಅರೆದು ರಕ್ತದ ಅಗರ್ ತಟ್ಟೆಗಳ ಮೇಲೆ ಹರಡಿದಾಗ, ಬ್ಯಾಕ್ಟೀರಿಯಾ ಉಣಿಸಿದ ಕೋಶಗಳನ್ನು ಪಡೆದ ಇಲಿಗಳಲ್ಲಿ ಎರಡೂ ಹೋಲಿಕೆ ಗುಂಪುಗಳಿಗಿಂತ ಕಡಿಮೆ ಕಾಲೊನಿಗಳು (ಬದುಕುಳಿದ ಬ್ಯಾಕ್ಟೀರಿಯಾಗಳಿಂದ ಬೆಳೆಯುವ ಗುಂಪುಗಳು) ಬೆಳೆದವು.

ಮನುಷ್ಯರಲ್ಲಿ ಪ್ರತಿಯೊಬ್ಬರ ರಕ್ತದಿಂದಲೂ ಕೋಶಗಳನ್ನು ಬೇರೆ ಬೇರೆಯಾಗಿ ಸಿದ್ಧಪಡಿಸಬೇಕಾದೀತು. 2010ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ, ಪ್ರಾಸ್ಟೇಟ್ ಕ್ಯಾನ್ಸರಿನ ಸಿಪುಲ್ಯೂಸೆಲ್-ಟಿ ಚಿಕಿತ್ಸೆಯಲ್ಲಿ ಹಾಗೆಯೇ ಮಾಡುತ್ತಾರೆ. ನ್ಯುಮೋನಿಯಾಕ್ಕೆ ಅದು ಸಾಮೂಹಿಕ ಲಸಿಕೆಯಾಗುವಂಥ ದಾರಿಯೆಂದು ನನಗನ್ನಿಸದು. ಆದ್ದರಿಂದ ಈಗ ಕೋಶಗಳಿಗೆ ಇಡೀ ಬ್ಯಾಕ್ಟೀರಿಯಾದ ಬದಲು ಅದರ ಪ್ರೋಟೀನುಗಳನ್ನು ಒಂದೊಂದಾಗಿ ಉಣಿಸಿ, ರಕ್ಷಣೆ ಯಾವುದರಿಂದ ಬಂತೆಂದು ಹುಡುಕುತ್ತಿದ್ದೇನೆ.