ಎರಡು ದಿನಕ್ಕೆ ಒಂದೇ ಊರು: ಪರದೇಶದಲ್ಲಿ ಓದುವವರು ವಾರಾಂತ್ಯದ ಪ್ರವಾಸ ಮಾಡುವುದು ಹೇಗೆ?

ಮೈಸೂರು, ಮಂಡ್ಯದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪದವಿ ಮುಗಿಸಿ ಸ್ನಾತಕೋತ್ತರ ಓದಿಗಾಗಿ ಜರ್ಮನಿಗೆ ಹೋಗುವ ಮಕ್ಕಳಿಗೆ, ಊರು ಬಿಡುವ ಮುನ್ನ ವೀಸಾ, ವಿಮೆ, ಬಾಡಿಗೆ ಕೋಣೆ, ಕುಕ್ಕರ್, ಚಟ್ನಿಪುಡಿ ಇವುಗಳ ಬಗ್ಗೆ ಹತ್ತು ಜನ ಹತ್ತು ಬಗೆಯ ಸಲಹೆ ಕೊಡುತ್ತಾರೆ. ಅಲ್ಲಿಗೆ ಹೋಗಿ ಎರಡು ಮೂರು ತಿಂಗಳಾದ ಮೇಲೆ, ಹಾಸ್ಟೆಲಿನ ಅಡುಗೆಮನೆಯಲ್ಲಿ ಗೆಳೆಯನೊಬ್ಬ ‘ಶನಿವಾರ ಪ್ರಾಗ್‌ಗೆ ಹೋಗಿಬರೋಣವಾ?’ ಎಂದು ಕೇಳಿದಾಗ ಹೇಗೆ ಅಣಿಯಾಗಬೇಕು ಎಂಬುದನ್ನು ಮಾತ್ರ ಯಾರೂ ಹೇಳಿಕೊಟ್ಟಿರುವುದಿಲ್ಲ. ಹೋಗಲೇಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಪ್ರಯೋಗಾಲಯ ಮತ್ತು ಕೋಣೆಯ ನಡುವೆಯೇ ಎರಡು ವರ್ಷ ಕಳೆದು ಊರಿಗೆ ಮರಳುವವರನ್ನು ಕಂಡಾಗ ನಿಜಕ್ಕೂ ಸಂಕಟವಾಗುತ್ತದೆ. ಆದರೆ ಇಂತಹ ಪ್ರವಾಸ ಚೆನ್ನಾಗಿ ಆಗುವುದೂ ಕೆಡುವುದೂ ಬಹುಮಟ್ಟಿಗೆ ರೈಲು ಹತ್ತುವ ಮೊದಲೇ ತೀರ್ಮಾನವಾಗಿರುತ್ತದೆ. ಗೆಳೆಯರು ಹಣದ ವಿಚಾರವನ್ನು ಬಾಯಿಬಿಟ್ಟು ಮಾತಾಡಿದ್ದಾರೆಯೇ, ನೋಡುವ ಜಾಗಗಳ ಪಟ್ಟಿಯನ್ನು ಗಿಡ್ಡ ಮಾಡಿಕೊಂಡಿದ್ದಾರೆಯೇ ಎಂಬ ಎರಡು ಸಂಗತಿಗಳೇ ಇಲ್ಲಿ ಮುಖ್ಯ.

ಡ್ರೆಸ್ಡೆನ್ ಅಥವಾ ಕೆಮ್ನಿಟ್ಸ್‌ನಲ್ಲಿ ಓದುವ ನಾಲ್ವರು ಗೆಳೆಯರು ಚೆಕ್ ದೇಶದ ರಾಜಧಾನಿ ಪ್ರಾಗ್‌ಗೆ ಹೊರಟಿದ್ದಾರೆ ಎಂದು ಇಟ್ಟುಕೊಂಡು ಒಂದೊಂದೇ ಹೆಜ್ಜೆಯನ್ನು ವಿವರಿಸುತ್ತೇನೆ. ಊರು ಬೇರೆಯಾದರೂ ಕ್ರಮ ಬಹುತೇಕ ಇದೇ.

ಮೊದಲು ಹಣದ ಮಾತು

2024ರ ಸೆಪ್ಟೆಂಬರ್‌ನಲ್ಲಿ ಏರಿಕೆಯಾದ ಲೆಕ್ಕದಂತೆ ಜರ್ಮನಿಗೆ ಹೋಗುವ ವಿದ್ಯಾರ್ಥಿಯು ಒಂದು ವರ್ಷಕ್ಕೆ 11,904 ಯೂರೊವನ್ನು ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಎಂಬ ಮಿತಿಯಲ್ಲಿ ಹಣ ಬಿಡಿಸಿಕೊಳ್ಳಬಹುದಾದ ಖಾತೆಯಲ್ಲಿ, ಇಡಬೇಕು. ಅದರಿಂದ ತಿಂಗಳಿಗೆ ಕೈಗೆ ಬರುವುದು 992 ಯೂರೊ. ಕೋಣೆಯ ಬಾಡಿಗೆ, ಆರೋಗ್ಯ ವಿಮೆ, ದಿನಸಿ ಕಳೆದ ಮೇಲೆ ಉಳಿಯುವುದು ಸ್ವಲ್ಪವೇ. ಆ ಸ್ವಲ್ಪದ ಹಿಂದೆ ಮಂಡ್ಯದ ಯಾವುದೋ ಹಳ್ಳಿಯಲ್ಲಿ ಅಡಮಾನಕ್ಕಿಟ್ಟ ಜಮೀನೋ, ಮೈಸೂರಿನಲ್ಲಿ ನಿವೃತ್ತಿಯ ಹೊಸ್ತಿಲಲ್ಲಿರುವ ತಂದೆಯ ಪಿ.ಎಫ್. ಹಣವೋ ಇರುತ್ತದೆ. ಅದೇ ಗುಂಪಿನಲ್ಲಿ ಬೆಂಗಳೂರಿನಲ್ಲಿ ಮೂರು ವರ್ಷ ಕೆಲಸ ಮಾಡಿ ಉಳಿತಾಯದೊಂದಿಗೆ ಬಂದವನೂ ಇರಬಹುದು. ಎಲ್ಲರ ಕೈಯೂ ಒಂದೇ ಅಳತೆಯದಲ್ಲ ಎಂಬುದು ಗೊತ್ತಿದ್ದರೂ ‘ನನಗೆ ಅಷ್ಟು ಆಗುವುದಿಲ್ಲ’ ಎಂದು ನಾಲ್ವರ ಎದುರು ಹೇಳಲು ನಮ್ಮ ಕಡೆಯ ಮಕ್ಕಳಿಗೆ ಸಂಕೋಚ ಅಡ್ಡಬರುತ್ತದೆ. ಸುಮ್ಮನೆ ಒಪ್ಪಿಕೊಂಡು ಹೋಗಿ, ಪ್ರತಿ ಊಟದ ಬಿಲ್ಲಿನ ಮುಂದೆ ಮನಸ್ಸಿನಲ್ಲೇ ಕೂಡಿ ಕಳೆಯುತ್ತ ಕುಳಿತವನಿಗೆ ಎಷ್ಟು ಸುಂದರವಾದ ಊರೂ ಕಣ್ಣಿಗೆ ಹಿಡಿಸುವುದಿಲ್ಲ.

ಇದಕ್ಕೆ ಸರಳವಾದ ಉಪಾಯವಿದೆ. ಪ್ರವಾಸಕ್ಕೆ ಮೂರು ನಾಲ್ಕು ವಾರ ಮೊದಲೇ ನಾಲ್ವರೂ ತಮ್ಮಿಂದ ಒಟ್ಟು ಎಷ್ಟು ಖರ್ಚು ಮಾಡಲು ಸಾಧ್ಯ ಎಂಬುದನ್ನು ಒಬ್ಬರಿಗೆ ಮಾತ್ರ ಪ್ರತ್ಯೇಕವಾಗಿ ಮೊಬೈಲಿನಲ್ಲಿ ಬರೆದು ತಿಳಿಸಬೇಕು. ಅವುಗಳಲ್ಲಿ ಎಲ್ಲಕ್ಕಿಂತ ಕಡಿಮೆಯಿರುವ ಮೊತ್ತವೇ ಇಡೀ ಗುಂಪಿನ ಮಿತಿಯಾಗಬೇಕು. ಅದು ಯಾರದ್ದು ಎಂಬುದು ಹೊರಬರಬಾರದು. ಆ ಮಿತಿಯೊಳಗೆ ರೈಲು, ರಾತ್ರಿಯ ವಸತಿ, ನಗರದೊಳಗಿನ ಓಡಾಟ, ಒಂದು ಪ್ರವೇಶ ಟಿಕೆಟ್, ಊಟ ಇವನ್ನು ಹೊಂದಿಸಿ ಬರೆಯಿರಿ. ರೈಲು ಮತ್ತು ವಸತಿ ಎಲ್ಲರಿಗೂ ಸೇರಿದ ಖರ್ಚು. ಕಾಫಿ, ಬಿಯರ್, ನೆನಪಿನ ಕಾಣಿಕೆಗಳು ಅವರವರ ಖರ್ಚು. ಈ ಗೆರೆಯನ್ನು ಮೊದಲೇ ಎಳೆದುಬಿಟ್ಟರೆ, ಕುಡಿಯದವನು ಕುಡಿದವರ ಬಿಲ್ಲಿನಲ್ಲಿ ಪಾಲು ಕೊಡುವ ಪ್ರಸಂಗ ಬರುವುದಿಲ್ಲ. ಲೆಕ್ಕ ಬರೆಯುವ ಹೊಣೆ ಒಬ್ಬರದೇ ಇರಲಿ, ಸ್ಪ್ಲಿಟ್‌ವೈಸ್‌ನಂತಹ ಆ್ಯಪ್‌ನಲ್ಲಿ ಕೊಟ್ಟ ಕೂಡಲೇ ದಾಖಲಿಸಲಿ. ಮಿತಿಯೊಳಗೆ ಪ್ರವಾಸ ಹೊಂದದೇ ಹೋದರೆ ಒಬ್ಬನನ್ನು ಬಿಟ್ಟು ಹೋಗುವುದಕ್ಕಿಂತ ದಿನಾಂಕವನ್ನೇ ಮುಂದಕ್ಕೆ ಹಾಕುವುದು ಮೇಲು.

ಕಾಗದಪತ್ರ

ಜರ್ಮನಿಯ ವಿದ್ಯಾರ್ಥಿ ವೀಸಾ ಅಥವಾ ರೆಸಿಡೆನ್ಸ್ ಪರ್ಮಿಟ್ ಕಾರ್ಡ್ ಚಾಲ್ತಿಯಲ್ಲಿದ್ದರೆ ಷೆಂಗೆನ್ ವಲಯದ (ತಮ್ಮ ನಡುವಿನ ಗಡಿಗಳಲ್ಲಿ ನಿತ್ಯದ ಪಾಸ್‌ಪೋರ್ಟ್ ತಪಾಸಣೆ ಬೇಡವೆಂದು ಒಪ್ಪಿಕೊಂಡ ಯುರೋಪಿನ ದೇಶಗಳ ಗುಂಪು) ಇತರ ದೇಶಗಳಿಗೆ, ಯಾವುದೇ 180 ದಿನಗಳಲ್ಲಿ 90 ದಿನದವರೆಗೆ, ಪ್ರತ್ಯೇಕ ವೀಸಾ ಇಲ್ಲದೆ ಹೋಗಿಬರಬಹುದು. ಸ್ವಿಟ್ಜರ್ಲೆಂಡ್ ಐರೋಪ್ಯ ಒಕ್ಕೂಟದಲ್ಲಿಲ್ಲ, ಆದರೆ ಷೆಂಗೆನ್‌ನಲ್ಲಿದೆ. ಐರ್ಲೆಂಡ್ ಒಕ್ಕೂಟದಲ್ಲಿದೆ, ಆದರೆ ಷೆಂಗೆನ್‌ನಲ್ಲಿಲ್ಲ. ಬ್ರಿಟನ್ ಎರಡರಲ್ಲೂ ಇಲ್ಲ. ಹಾಗಾಗಿ ಲಂಡನ್ನಿನ ಅಗ್ಗದ ವಿಮಾನ ಟಿಕೆಟ್ ಕಂಡು ಮರುಳಾಗಿ ಹಣ ಕಟ್ಟಬೇಡಿ. ಅದಕ್ಕೆ ಬೇರೆ ವೀಸಾ ಬೇಕು.

ಗಡಿಯಲ್ಲಿ ತಪಾಸಣೆ ಇರುವುದಿಲ್ಲ ಎಂಬ ಹಳೆಯ ಮಾತನ್ನು ಈಗ ನಂಬುವಂತಿಲ್ಲ. 2024ರ ಸೆಪ್ಟೆಂಬರ್ 16ರಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲಿ ತಪಾಸಣೆ ನಡೆಸತೊಡಗಿತು. ಮರಳಿ ಬರುವಾಗ ಪೊಲೀಸರು ರೈಲಿನ ಡಬ್ಬಿಗೇ ಬಂದು ಪಾಸ್‌ಪೋರ್ಟ್ ಕೇಳಬಹುದು. ಮೂಲ ಪಾಸ್‌ಪೋರ್ಟ್ ಮತ್ತು ಮೂಲ ಕಾರ್ಡ್ ಎರಡೂ ಜೊತೆಯಲ್ಲಿರಬೇಕು, ಮೊಬೈಲಿನಲ್ಲಿರುವ ಫೋಟೊ ಸಾಲದು. ಇನ್ನೊಂದು ಎಚ್ಚರಿಕೆಯನ್ನು ಮೊದಲ ವರ್ಷದ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಊರಿನಿಂದ ತಂದ ವೀಸಾದ ಅವಧಿ ಮುಗಿದು, ಕಾರ್ಡ್ ಇನ್ನೂ ಕೈಸೇರದ ಮಧ್ಯಂತರದಲ್ಲಿ ಕೊಡುವ ತಾತ್ಕಾಲಿಕ ಪತ್ರವು ಜರ್ಮನಿಯೊಳಗೆ ಇರಲು ಸಾಕಾದರೂ, ಗಡಿ ದಾಟಿ ಬರಲು ಎಲ್ಲ ಸಂದರ್ಭಗಳಲ್ಲೂ ಸಾಲುವುದಿಲ್ಲ. ಅಂಥವರು ತಾವು ಓದುತ್ತಿರುವ ಊರಿನ ವಿದೇಶಿಯರ ಕಚೇರಿಗೆ ಬರೆದು ಲಿಖಿತ ಉತ್ತರ ಪಡೆಯುವವರೆಗೆ ಜರ್ಮನಿಯೊಳಗಿನ ಊರುಗಳನ್ನೇ ನೋಡಲಿ. ಲೈಪ್‌ಜಿಗ್, ಬರ್ಲಿನ್ ಎಲ್ಲಿಗೂ ಓಡಿಹೋಗುವುದಿಲ್ಲ.

ಸರ್ಕಾರಿ ಆರೋಗ್ಯ ವಿಮೆಯ ಕಾರ್ಡಿನ ಹಿಂಬದಿಯಲ್ಲೇ ಯುರೋಪಿನ ವಿಮಾ ಕಾರ್ಡ್ ಅಚ್ಚಾಗಿರುತ್ತದೆ, ಅದು ಚೆಕ್ ದೇಶದಲ್ಲಿ ತುರ್ತು ಚಿಕಿತ್ಸೆಗೆ ನಡೆಯುತ್ತದೆ. ಖಾಸಗಿ ವಿಮೆ ಇರುವವರು ತಮ್ಮ ಷರತ್ತುಗಳನ್ನು ಓದಿಕೊಳ್ಳಬೇಕು. ತುರ್ತು ಕರೆಯ ಸಂಖ್ಯೆ 112.

ದಿನಾಂಕ, ರೈಲು, ವಸತಿ

ಚಳಿಗಾಲದ ಪರೀಕ್ಷೆಗಳು ಫೆಬ್ರವರಿಯ ಸುಮಾರಿಗೆ ಬರುತ್ತವೆ. ಡಿಸೆಂಬರಿನಲ್ಲಿ ಪ್ರಾಗ್‌ನಲ್ಲಿ ಸಂಜೆ ನಾಲ್ಕಕ್ಕೇ ಸೂರ್ಯ ಮುಳುಗುತ್ತಾನೆ. ಅಲ್ಲದೆ ಕ್ರಿಸ್ಮಸ್ ಸಂತೆಗಳ ವಾರಾಂತ್ಯಗಳಲ್ಲಿ, ದಸರೆಯ ಹೊತ್ತಿನ ಮೈಸೂರಿನ ಲಾಡ್ಜುಗಳಂತೆ, ಅಲ್ಲಿಯ ಕೋಣೆಗಳ ಬಾಡಿಗೆ ಏರಿಬಿಡುತ್ತದೆ. ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗಿನ ಕಾಲ ಒಳ್ಳೆಯದು. ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರಗಳಂದು ಯುರೋಪಿನಲ್ಲಿ ಗಡಿಯಾರದ ಸಮಯವೇ ಒಂದು ಗಂಟೆ ಬದಲಾಗುತ್ತದೆ. ಮಾರ್ಚ್‌ನಲ್ಲಿ ನಿದ್ದೆಯ ಒಂದು ಗಂಟೆ ಕಳೆದುಹೋಗುವುದರಿಂದ, ಆ ಭಾನುವಾರ ಬೆಳಿಗ್ಗೆಯ ರೈಲು ಹಿಡಿಯುವವರು ಎಚ್ಚರದಿಂದಿರಬೇಕು.

ಡ್ರೆಸ್ಡೆನ್ನಿನಿಂದ ಪ್ರಾಗ್‌ಗೆ ಸುಮಾರು 150 ಕಿಲೋಮೀಟರ್. ನೇರ ರೈಲು ಎರಡೂಕಾಲರಿಂದ ಎರಡೂವರೆ ಗಂಟೆಯಲ್ಲಿ ತಲುಪಿಸುತ್ತದೆ. ಬಸ್ಸೂ ಇದೆ, ಅನೇಕ ಸಲ ಅಗ್ಗವೂ ಹೌದು. ಆದರೂ ಹೋಗುವಾಗಲಾದರೂ ರೈಲಿನಲ್ಲೇ ಹೋಗಿ ಎಂದು ಒತ್ತಿ ಹೇಳುತ್ತೇನೆ. ಹಳಿ ಎಲ್ಬೆ ನದಿಯ ದಡವನ್ನೇ ಹಿಡಿದು ಸಾಗುತ್ತದೆ, ಆದ್ದರಿಂದ ಪ್ರಾಗ್ ಕಡೆಗೆ ಹೋಗುವಾಗ ಎಡಬದಿಯ ಕಿಟಕಿ ಆರಿಸಿಕೊಳ್ಳಬೇಕು. ಡ್ರೆಸ್ಡೆನ್ ಹಿಂದಾಗುತ್ತಿದ್ದಂತೆ ನದಿಯ ಆಚೆ ಬದಿಯಲ್ಲಿ ಮರಳುಗಲ್ಲಿನ ಬಂಡೆಗಳು ಕಂಬಗಳಾಗಿ ಏಳುತ್ತವೆ, ಕೆಳಗೆ ನೀರಿನಂಚಿಗೆ ಕೆಂಪು ಹೆಂಚಿನ ಮನೆಗಳ ಚಿಕ್ಕ ಊರುಗಳು ಒಂದಾದ ಮೇಲೊಂದು ಬಂದು ಹೋಗುತ್ತವೆ. ಅದೇ ರೈಲಿನ ಟಿಕೆಟನ್ನು ಜರ್ಮನ್ ರೈಲ್ವೆ, ಚೆಕ್ ರೈಲ್ವೆ ಎರಡೂ ಮಾರುವುದರಿಂದ ಎರಡೂ ಆ್ಯಪ್‌ಗಳಲ್ಲಿ ದರ ಹೋಲಿಸಬೇಕು. ವಿಶ್ವವಿದ್ಯಾಲಯದ ಮೂಲಕ ಸಿಗುವ ಪ್ರಯಾಣದ ಪಾಸ್ ಆದ ನಿಮ್ಮ ಸೆಮಿಸ್ಟರ್ ಟಿಕೆಟ್ ಪ್ರಾದೇಶಿಕ ರೈಲುಗಳಿಗೆ ಅನ್ವಯಿಸುವುದಾದರೆ ಗಡಿಯ ಹತ್ತಿರದ ಬಾಡ್ ಶಾಂಡೌವರೆಗೆ ಅದರಲ್ಲೇ ಹೋಗಿ, ಮುಂದಿನ ದಾರಿಗೆ ಮಾತ್ರ ಟಿಕೆಟ್ ಕೊಳ್ಳಬಹುದು. ಆಗ ರೈಲು ಬದಲಿಸಲು ಬಿಡುವಿರುವಂತೆ ನೋಡಿಕೊಳ್ಳಬೇಕು.

ವಸತಿಯ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಟ್ರಾಮ್ ನಿಲ್ದಾಣಕ್ಕೆ ಹತ್ತಿರವಿರುವ, ರಾತ್ರಿಯೂ ಸ್ವಾಗತ ಮೇಜು ತೆರೆದಿರುವ ಹಾಸ್ಟೆಲಿನಲ್ಲಿ ನಾಲ್ಕು ಹಾಸಿಗೆಯ ಕೋಣೆ ಸಾಕು. ಹೊಸ ಪೇಟೆ, ವಿನೋಹ್ರಾಡಿ, ಜಿಜ್ಕೊವ್ ಬಡಾವಣೆಗಳಲ್ಲಿ ಇಂಥವು ಸಿಗುತ್ತವೆ. ಪ್ರತಿಯೊಬ್ಬರ ಪಾಸ್‌ಪೋರ್ಟ್ ವಿವರ ಬರೆದುಕೊಳ್ಳುತ್ತಾರೆ. ರಾತ್ರಿ ಹತ್ತರ ಮೇಲೆ ಗದ್ದಲ ಮಾಡುವಂತಿಲ್ಲ.

ದುಡ್ಡು ಬದಲಿಸುವಾಗ

ಚೆಕ್ ದೇಶದಲ್ಲಿ ಯೂರೊ ಅಲ್ಲ, ಕೊರುನಾ ಚಲಾವಣೆಯಲ್ಲಿದೆ. ಒಂದು ಯೂರೊಗೆ ಸುಮಾರು 24ರಿಂದ 25 ಕೊರುನಾ ಎಂದು ಮನಸ್ಸಿನಲ್ಲಿಟ್ಟುಕೊಳ್ಳಿ. ಬಹುಪಾಲು ಕಡೆ ಕಾರ್ಡ್ ನಡೆಯುವುದರಿಂದ ನೋಟು ಹೆಚ್ಚು ಬೇಕಾಗುವುದಿಲ್ಲ. ಕಾರ್ಡಿನ ಯಂತ್ರವೋ ಎ.ಟಿ.ಎಂ.ಓ ‘ಯೂರೊದಲ್ಲಿ ಕೊಡುತ್ತೀರಾ, ಕೊರುನಾದಲ್ಲಿ ಕೊಡುತ್ತೀರಾ’ ಎಂದು ಕೇಳಿದಾಗ ಕೊರುನಾವನ್ನೇ ಆರಿಸಬೇಕು. ಯೂರೊ ಒತ್ತಿದರೆ ಯಂತ್ರದವರು ತಮಗೆ ಲಾಭವಾಗುವ ದರವನ್ನೇ ಹಾಕುತ್ತಾರೆ. ಹಳೆ ಪೇಟೆಯ ಸುತ್ತ ‘ಕಮಿಷನ್ ಇಲ್ಲ’ ಎಂಬ ದೊಡ್ಡ ಫಲಕ ಹೊತ್ತ ವಿನಿಮಯ ಅಂಗಡಿಗಳ ಮುಂದೆ ನಿಂತು ಆ ಫಲಕವನ್ನಲ್ಲ, ದರಪಟ್ಟಿಯಲ್ಲಿ ಅವರು ಯೂರೊವನ್ನು ಕೊಳ್ಳುವ ದರವನ್ನು ನೋಡಬೇಕು. ಕಮಿಷನ್ ಬಿಟ್ಟದ್ದನ್ನು ಆ ದರದಲ್ಲೇ ವಸೂಲು ಮಾಡಿರುತ್ತಾರೆ. ಒಂದು ವೇಳೆ ಮೋಸದ ದರಕ್ಕೆ ಬದಲಿಸಿಬಿಟ್ಟಿದ್ದರೂ ಧೃತಿಗೆಡಬೇಕಿಲ್ಲ. 2019ರಲ್ಲಿ ಬಂದ ಕಾನೂನಿನಂತೆ 1,000 ಯೂರೊವರೆಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ಅದೇ ಅಂಗಡಿಯಲ್ಲಿ ರದ್ದು ಮಾಡಿಸಿಕೊಳ್ಳುವ ಹಕ್ಕು ಗ್ರಾಹಕರಿಗಿದೆ. ಅದಕ್ಕಾಗಿ ರಸೀದಿಯನ್ನು ಬಿಸಾಡದೆ ಇಟ್ಟುಕೊಳ್ಳಿ.

ಊರೊಳಗೆ ಎರಡು ದಿನ

ಇಳಿದ ಕೂಡಲೇ ಮಾಡಬೇಕಾದ ಕೆಲಸ 24 ಗಂಟೆಯ ಸಾರಿಗೆ ಟಿಕೆಟ್ ಕೊಳ್ಳುವುದು. ಮೆಟ್ರೊ, ಟ್ರಾಮ್, ಬಸ್ಸು ಮೂರಕ್ಕೂ ಅದೊಂದೇ ಸಾಕು. ಆದರೆ ಕಾಗದದ ಟಿಕೆಟ್ ಕೊಂಡ ಮಾತ್ರಕ್ಕೆ ಚಾಲ್ತಿಗೆ ಬರುವುದಿಲ್ಲ. ಮೆಟ್ರೊ ಎಸ್ಕಲೇಟರ್ ತಲುಪುವ ಮೊದಲು ಗೇಟು ಇರುವುದಿಲ್ಲ, ಕಾವಲುಗಾರನೂ ಇರುವುದಿಲ್ಲ. ಪಕ್ಕದಲ್ಲಿ ಎದೆಯೆತ್ತರದ ಹಳದಿ ಪೆಟ್ಟಿಗೆಯೊಂದು ನಿಂತಿರುತ್ತದೆ, ಅಷ್ಟೆ. ಟಿಕೆಟಿನ ತುದಿಯನ್ನು ಅದರ ಸೀಳಿಗೆ ತೂರಿಸಿದರೆ ದಿನಾಂಕ ಮತ್ತು ಸಮಯ ಅಚ್ಚಾಗುತ್ತದೆ. ಇದನ್ನು ಒಂದೇ ಸಲ ಮಾಡಬೇಕು. ಎರಡನೆಯ ಸಲ ಅಚ್ಚೊತ್ತಿದರೆ ಟಿಕೆಟ್ ಕೆಡುತ್ತದೆ. ಟಿಕೆಟ್ ಪರೀಕ್ಷಕರು ಸಾಮಾನ್ಯ ಉಡುಪಿನಲ್ಲಿ ಬರುತ್ತಾರೆ, ಅಚ್ಚಿಲ್ಲದ ಟಿಕೆಟ್ ಹಿಡಿದವರಿಗೂ ದಂಡ ಹಾಕುತ್ತಾರೆ. ಹೊಸಬ, ವಿದ್ಯಾರ್ಥಿ ಎಂಬ ವಿನಾಯಿತಿ ಇಲ್ಲ.

ಎರಡು ದಿನಕ್ಕೆ ಒಂದೇ ಊರು, ಒಂದು ಹೊತ್ತಿಗೆ ಒಂದೇ ಭಾಗ ಎಂಬ ನಿಯಮವನ್ನು ಗುಂಪು ಒಪ್ಪಿಕೊಳ್ಳಲಿ. ಶನಿವಾರ ಪ್ರಾಗ್, ಭಾನುವಾರ ವಿಯೆನ್ನಾ ಎಂದು ಹೊರಟವರು ಎರಡೂ ಊರುಗಳ ರೈಲ್ವೆ ನಿಲ್ದಾಣಗಳನ್ನೇ ಹೆಚ್ಚು ನೋಡಿರುತ್ತಾರೆ. ಶನಿವಾರ ಮಧ್ಯಾಹ್ನ ಹಳೆ ಪೇಟೆಗೆ ಮೀಸಲಿಡಿ. ಪುರಭವನದ ಗೋಡೆಯಲ್ಲಿರುವ ಖಗೋಳ ಗಡಿಯಾರ 1410ರದು. ಪ್ರತಿ ಗಂಟೆಗೆ ಅದರ ಕಿಟಕಿಗಳಲ್ಲಿ ಏಸುವಿನ ಶಿಷ್ಯರ ಗೊಂಬೆಗಳು ಸರಿದುಹೋಗುತ್ತವೆ. ಒಂದು ನಿಮಿಷವೂ ಹಿಡಿಯದ ಆ ನೋಟಕ್ಕೆ ನೂರಾರು ಜನ ಕತ್ತೆತ್ತಿ ನಿಂತಿರುವಾಗ ಜೇಬುಗಳ್ಳರಿಗೆ ಸುಗ್ಗಿ. ಪಾಸ್‌ಪೋರ್ಟ್ ಒಳಜೇಬಿನಲ್ಲಿರಲಿ, ಬೆನ್ನಿನ ಚೀಲ ಎದೆಯ ಮೇಲಿರಲಿ. ಯಂತ್ರಶಾಸ್ತ್ರ ಓದುವವರು ಗೊಂಬೆಗಳಿಗಿಂತ ಕೆಳಗಿನ ಮುಖಫಲಕದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಸೂರ್ಯ ಮತ್ತು ಚಂದ್ರ ಯಾವ ರಾಶಿಯಲ್ಲಿದ್ದಾರೆ ಎಂಬುದನ್ನು ಆ ಯಂತ್ರ ಇಂದಿಗೂ ತೋರಿಸುತ್ತದೆ.

ಚಾರ್ಲ್ಸ್ ಸೇತುವೆಯನ್ನು ಮಾತ್ರ ಭಾನುವಾರ ಬೆಳಿಗ್ಗೆ ಆರು ಗಂಟೆಗೆ ನೋಡಬೇಕು. ಹಳೆಯ ಸೇತುವೆ 1342ರ ನೆರೆಯಲ್ಲಿ ಕೊಚ್ಚಿಹೋದ ಮೇಲೆ ದೊರೆ ನಾಲ್ಕನೆಯ ಚಾರ್ಲ್ಸ್ 1357ರಲ್ಲಿ ಇದಕ್ಕೆ ಅಡಿಗಲ್ಲು ಹಾಕಿಸಿದ. 516 ಮೀಟರ್ ಉದ್ದದ ಕಲ್ಲಿನ ಸೇತುವೆಯ ಎರಡೂ ಬದಿಗೆ 30 ಪ್ರತಿಮೆಗಳಿವೆ. ಹತ್ತು ಗಂಟೆಯ ಮೇಲೆ ಅಲ್ಲಿ ಜನರ ಭುಜಗಳಷ್ಟೇ ಕಾಣುತ್ತವೆ. ಬೆಳಗಿನ ಜಾವ ಕಾಲಡಿಯ ಕಲ್ಲುಹಾಸು, ಪ್ರತಿಮೆಗಳ ಪೀಠದಲ್ಲಿ ಕೈಸೋಕಿ ಹೊಳಪೇರಿದ ಕಂಚಿನ ಭಾಗ, ವ್ಲ್ತಾವಾ ನದಿಯ ಕಟ್ಟೆಯ ಸದ್ದು ಎಲ್ಲವೂ ನಿಮಗೆ ಸಿಗುತ್ತವೆ. ಅಲ್ಲಿಂದ 22ನೇ ಸಂಖ್ಯೆಯ ಟ್ರಾಮ್ ಹಿಡಿದು ಕೋಟೆಗೆ ಹೋಗಿ. ಕೋಟೆಯ ಅಂಗಳಗಳಿಗೆ ಶುಲ್ಕವಿಲ್ಲ. ನಿಮ್ಮ ಒಂದು ಪ್ರವೇಶ ಟಿಕೆಟನ್ನು 1929ರಲ್ಲಿ ಪೂರ್ಣಗೊಂಡ ಸಂತ ವಿಟಸ್ ಕೆಥೆಡ್ರಲ್‌ಗೆ ಖರ್ಚು ಮಾಡುವುದು ಸಾರ್ಥಕ. ಇನ್ನೂ ಸಮಯವಿದ್ದರೆ ವಿಶೆಹ್ರಾಡ್ ದಿಬ್ಬಕ್ಕೆ ಹೋಗಬಹುದು. ಸಂಗೀತಗಾರ ದ್ವೊರ್ಜಾಕ್ ಅವರ ಸಮಾಧಿ ಅಲ್ಲಿದೆ, ಕೆಳಗೆ ನದಿ ಕಾಣುತ್ತದೆ, ಒಂದು ಪೈಸೆ ಕೊಡಬೇಕಿಲ್ಲ.

ನಾಲ್ವರೂ ಸದಾ ಅಂಟಿಕೊಂಡೇ ತಿರುಗಬೇಕೆಂದಿಲ್ಲ. ಒಬ್ಬಳಿಗೆ ವಸ್ತುಸಂಗ್ರಹಾಲಯ ಇಷ್ಟ, ಇನ್ನೊಬ್ಬನಿಗೆ ಉದ್ಯಾನದಲ್ಲಿ ಸುಮ್ಮನೆ ಕೂರುವುದು ಇಷ್ಟ. ಭಾನುವಾರ ಮಧ್ಯಾಹ್ನ ಎರಡು ಮೂರು ಗಂಟೆ ಬೇರೆಯಾಗಿ, ಇಂಥ ಹೊತ್ತಿಗೆ ಇಂಥ ಕಡೆ ಸೇರುವುದು ಎಂದು ಮೊದಲೇ ನಿಗದಿಮಾಡಿಕೊಂಡರೆ ಮುನಿಸಿಗೆ ಎಡೆಯಿರುವುದಿಲ್ಲ.

ಊಟ ಮತ್ತು ಮನೆಗೆ ಫೋನು

ಸಸ್ಯಾಹಾರಿಗಳು ‘ಬೆಜ್ ಮಾಸಾ’, ಅಂದರೆ ಮಾಂಸವಿಲ್ಲದೆ, ಎಂದು ಕೇಳಬೇಕು. ತರಕಾರಿ ಸೂಪಿಗೂ ಮಾಂಸದ ಸಾರು ಬಳಸಿರುವುದುಂಟು, ಆದ್ದರಿಂದ ವಿಚಾರಿಸಿಯೇ ತರಿಸಿ. ಕರಿದ ಚೀಸ್ ಮತ್ತು ಹಣ್ಣು ತುಂಬಿದ ಕಡುಬು ಬಹಳ ಕಡೆ ಸಿಗುತ್ತವೆ. ಒಂದು ಹೊತ್ತು ಹೋಟೆಲು, ಉಳಿದಂತೆ ಸೂಪರ್‌ಮಾರ್ಕೆಟ್ಟಿನ ಬ್ರೆಡ್ಡು, ಮೊಸರು ಮತ್ತು ಮನೆಯಿಂದ ತಂದ ಚಟ್ನಿಪುಡಿ ಎಂದು ಇಟ್ಟುಕೊಂಡರೆ ಮಿತಿಯೊಳಗೆ ನಿಲ್ಲಬಹುದು. ಜರ್ಮನಿಯಂತಲ್ಲದೆ ಇಲ್ಲಿ ಭಾನುವಾರವೂ ಅಂಗಡಿಗಳು ತೆರೆದಿರುತ್ತವೆ. ನಲ್ಲಿಯ ನೀರು ಕುಡಿಯಲು ಯೋಗ್ಯ, ಬಾಟಲಿ ಜೊತೆಗಿರಲಿ.

ಹೊರಡುವ ಮುನ್ನ ರೈಲಿನ ಸಮಯ, ಹಾಸ್ಟೆಲಿನ ವಿಳಾಸ, ಜೊತೆಗಿರುವವರ ಫೋನ್ ಸಂಖ್ಯೆ ಇವನ್ನು ಮನೆಗೆ ಕಳುಹಿಸಿ. ಅಪ್ಪ ಬೇಡ ಎಂದಾರು ಎಂದು ಮುಚ್ಚಿಟ್ಟು ಹೋಗುವುದು ತಪ್ಪು. ಗಡಿಯಲ್ಲೋ ಆಸ್ಪತ್ರೆಯಲ್ಲೋ ತೊಂದರೆಯಾದರೆ ಮೊದಲು ನೆನಪಾಗುವವರು ಅವರೇ. ಜರ್ಮನ್ ಸಿಮ್ ಐರೋಪ್ಯ ಒಕ್ಕೂಟದೊಳಗೆ ಹೆಚ್ಚುವರಿ ಶುಲ್ಕವಿಲ್ಲದೆ ನಡೆಯುತ್ತದೆ. ನಮ್ಮ ಗಡಿಯಾರ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಮುಂದಿರುವುದರಿಂದ, ಮಂಡ್ಯದಲ್ಲಿ ರಾತ್ರಿ ಹತ್ತಕ್ಕೆ ಮಲಗುವ ಅಮ್ಮನೊಂದಿಗೆ ಮಾತಾಡಬೇಕಾದರೆ ಅಲ್ಲಿ ಮೇ ತಿಂಗಳ ಸಂಜೆ ಆರೂವರೆಯೊಳಗೆ ಕರೆ ಮಾಡಬೇಕು.

ಮರಳಿ ಬರುವ ರೈಲು ಭಾನುವಾರದ ಕೊನೆಯದಾಗದಿರಲಿ; ಅದು ತಪ್ಪಿದರೆ ಸೋಮವಾರದ ತರಗತಿಯೂ ತಪ್ಪುತ್ತದೆ. ರೈಲು ಒಂದು ಗಂಟೆ ತಡವಾದರೆ ಟಿಕೆಟ್ ದರದ 25 ಶೇಕಡಾ, ಎರಡು ಗಂಟೆ ತಡವಾದರೆ 50 ಶೇಕಡಾ ಪರಿಹಾರ ಕೇಳುವ ಹಕ್ಕು ಐರೋಪ್ಯ ನಿಯಮದಲ್ಲಿದೆ, ಆದ್ದರಿಂದ ಟಿಕೆಟನ್ನು ಅಳಿಸದೆ ಉಳಿಸಿಕೊಂಡು, ಟಿಕೆಟ್ ಮಾರಿದ ರೈಲ್ವೆಗೆ ಅರ್ಜಿ ಹಾಕಿ. ಹಂಚಿಕೊಂಡ ಖರ್ಚಿನ ಲೆಕ್ಕವನ್ನು ಸೋಮವಾರ ರಾತ್ರಿಯೊಳಗೆ ಚುಕ್ತಾ ಮಾಡಿ. ಪರಿಹಾರದ ಹಣ ಬಂದಾಗ ಅದನ್ನೂ ನಾಲ್ಕು ಪಾಲು ಮಾಡಿ.