ಆಡಿಯೊ ಉಪಕರಣಗಳಿಗೆ 115-0-115: ಸಮತೋಲಿತ ವಿದ್ಯುತ್ ಪೆಟ್ಟಿಗೆ ಕಟ್ಟುವ ಕ್ರಮ

ರಾತ್ರಿಯ ನಿಶ್ಶಬ್ದದಲ್ಲಿ ವೀಣೆ ಕೇಳುತ್ತಿರುವಾಗ, ಮೀಟಿದ ಸ್ವರ ಆರಿ ಮುಂದಿನದು ಹುಟ್ಟುವ ಬಿಡುವಿನಲ್ಲಿ ಸ್ಪೀಕರ್ ಗುಂಯ್ ಎಂದರೆ ಕೇಳುವ ಸುಖವೇ ಹೋಗುತ್ತದೆ. ಇದರ ಒಂದು ಮೂಲ ನಮ್ಮ ವಿದ್ಯುತ್ ಸರಬರಾಜಿನಲ್ಲೇ ಇದೆ. ಫೇಸ್ ತಂತಿಯಲ್ಲಿ ಭೂಮಿಗೆ ಹೋಲಿಸಿದರೆ 230 ವೋಲ್ಟ್, ನ್ಯೂಟ್ರಲ್‌ನಲ್ಲಿ ಹೆಚ್ಚುಕಡಿಮೆ ಸೊನ್ನೆ ಇರುವುದರಿಂದ, ಉಪಕರಣದೊಳಗಿನ ಫಿಲ್ಟರ್ ಕೆಪಾಸಿಟರ್‌ಗಳ ಮೂಲಕ ಅಲ್ಪ ಪ್ರವಾಹ ಸದಾ ಅರ್ತ್‌ಗೆ ಸೋರುತ್ತಾ, ಉಪಕರಣಗಳನ್ನು ಬೆಸೆಯುವ ಕೇಬಲ್‌ಗಳ ಹೊರಕವಚದಲ್ಲೂ ಹರಿದು ಸದ್ದಾಗುತ್ತದೆ. ಅದೇ 230 ವೋಲ್ಟನ್ನು ಪೆಟ್ಟಿಗೆಯೊಳಗಿನ ಟ್ರಾನ್ಸ್‌ಫಾರ್ಮರಿನಿಂದ 115-0-115 ಎಂದು ಇಬ್ಭಾಗಿಸಿ ನಡುಬಿಂದುವನ್ನು ಅರ್ತ್‌ಗೆ ಕಟ್ಟಿದರೆ, ಎರಡೂ ತಂತಿಗಳ ಸೋರಿಕೆ ವಿರುದ್ಧ ದಿಕ್ಕಿನದಾಗಿ ಬಹುಮಟ್ಟಿಗೆ ರದ್ದಾಗುತ್ತದೆ.

ಇನ್‌ಪುಟ್ ಕೇಬಲ್‌ಗಳನ್ನೆಲ್ಲ ಕಳಚಿ ಇನ್‌ಪುಟ್ ಶಾರ್ಟ್ ಮಾಡಿದ (ಅದರ ಎರಡು ತುದಿಗಳನ್ನು ಒಂದಕ್ಕೊಂದು ಬೆಸೆದ) ಮೇಲೂ ಸದ್ದು ನಿಲ್ಲದಿದ್ದರೆ ದೋಷ ಆಂಪ್ಲಿಫೈಯರ್‌ನದೇ. ಅದಕ್ಕೆ ಈ ಪೆಟ್ಟಿಗೆ ಮದ್ದಲ್ಲ. ಮನೆಯ ಅರ್ತ್ ಗಟ್ಟಿಯಿಲ್ಲದಿದ್ದರಂತೂ ಕೆಲಸಕ್ಕೆ ಕೈಹಾಕಲೇಬೇಡಿ. ಮೀಟರ್ ಸರಿಯಾದ ವೋಲ್ಟೇಜ್ ತೋರಿಸಿದ ಮಾತ್ರಕ್ಕೆ ಅರ್ತ್ ಚೆನ್ನಾಗಿದೆ ಎಂದಾಗುವುದಿಲ್ಲವಾದ್ದರಿಂದ, ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್‌ರಿಂದ ಅಳತೆ ಮಾಡಿಸಿ. ಕೊನೆಯ ಜೋಡಣೆಯನ್ನೂ ಅವರೇ ಪರಿಶೀಲಿಸಲಿ.

ಟ್ರಾನ್ಸ್‌ಫಾರ್ಮರ್‌ಗೆ ಉಪಕರಣಗಳ ಒಟ್ಟು ಬಳಕೆಯ ಎರಡರಷ್ಟು ಸಾಮರ್ಥ್ಯವಿರಲಿ. ಒಟ್ಟು 400 ವಿಎ (ವೋಲ್ಟ್-ಆಂಪಿಯರ್) ಆದರೆ 1000 ವಿಎ ಟೊರಾಯ್ಡ್, ಅಂದರೆ ಬಳೆಯಾಕಾರದ ಟ್ರಾನ್ಸ್‌ಫಾರ್ಮರ್, ಧಾರಾಳವಾಯಿತು. ಅದು 230 ವೋಲ್ಟ್‌ನಲ್ಲಿ ಸುಮಾರು 4.3 ಆಂಪಿಯರ್ ಕೊಡುತ್ತದೆ. ಟ್ರಾನ್ಸ್‌ಫಾರ್ಮರ್ ಸುತ್ತಿಕೊಡುವವರಿಗೆ 230ರ ಪ್ರೈಮರಿ (ವಿದ್ಯುತ್ ಒಳಬರುವ ಸುರುಳಿ), 115ರ ಎರಡು ಪ್ರತ್ಯೇಕ ಸೆಕೆಂಡರಿ (ಹೊರಹೋಗುವ ಸುರುಳಿ), ನಡುವೆ ತಾಮ್ರದ ಹಾಳೆಯ ಶೀಲ್ಡ್ ಎಂದು ಬರೆದುಕೊಡಿ. ಅಮೆರಿಕದ 60-0-60 ನಕ್ಷೆಗಳನ್ನು ಇಲ್ಲಿ ನಕಲು ಮಾಡಬಾರದು.

ಪ್ರೈಮರಿಗೆ 6 ಆಂಪಿಯರ್, ಡಿ-ಕರ್ವ್ (ಕ್ಷಣಿಕ ಭಾರೀ ಪ್ರವಾಹ ತಡೆದುಕೊಳ್ಳುವ ಬಗೆ), ಎರಡು ಪೋಲ್‌ನ (ಎರಡೂ ತಂತಿ ಕಡಿಯುವ) ಎಂಸಿಬಿ, ಅಂದರೆ ಪ್ರವಾಹ ಮಿತಿಮೀರಿದರೆ ತಾನಾಗಿ ಆರುವ ಸ್ವಿಚ್, ಹಾಕಿ. ಟೊರಾಯ್ಡ್ ಸ್ವಿಚ್ ಹಾಕಿದ ಕ್ಷಣ ಭಾರೀ ಪ್ರವಾಹ ಎಳೆಯುವುದರಿಂದ ಅದನ್ನು ಮೆಲ್ಲಗೆ ಏರಿಸುವ ಸಾಫ್ಟ್-ಸ್ಟಾರ್ಟ್ ಬೋರ್ಡೂ ಬೇಕು. ಮೊದಲ ಸೆಕೆಂಡರಿಯ ಕೊನೆಯನ್ನು ಎರಡನೆಯದರ ಮೊದಲಿಗೆ ಬೆಸೆದು, ಆ ಸಂಧಿಯನ್ನೂ ಶೀಲ್ಡನ್ನೂ ಲೋಹದ ಪೆಟ್ಟಿಗೆಯನ್ನೂ 2.5 ಚದರ ಮಿಲಿಮೀಟರ್ ತಾಮ್ರದ ತಂತಿಯಿಂದ ಒಂದೇ ಅರ್ತ್ ಬೋಲ್ಟಿಗೆ ತನ್ನಿ. ಮೊದಲ ಸಲ ಪ್ರೈಮರಿಗೆ ಸರಣಿಯಾಗಿ 100 ವ್ಯಾಟ್‌ನ ಹಳೆಯ ತಂತುವಿನ ಬಲ್ಬು ಕಟ್ಟಿ ವಿದ್ಯುತ್ ಕೊಡಿ. ಬಲ್ಬು ಒಮ್ಮೆ ಮಿನುಗಿ ನಂದಿದಂತಾದರೆ ಸರಿ, ಬೆಳಗುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ. ಮೀಟರ್‌ನಲ್ಲಿ ನಡುವಿನಿಂದ ಒಂದೊಂದು ತುದಿಗೆ ಸುಮಾರು 115, ತುದಿಯಿಂದ ತುದಿಗೆ 230 ಬರಬೇಕು. ತುದಿಗಳ ನಡುವೆ ಸೊನ್ನೆ ಬಂದರೆ ಒಂದು ಸುರುಳಿ ತಿರುಗುಮುರುಗಾಗಿದೆ. ವಿದ್ಯುತ್ ತೆಗೆದು ಅದರ ಎರಡು ತಂತಿ ಅದಲುಬದಲು ಮಾಡಿದರೆ ಸಾಕು.

ಎಲ್ಲಕ್ಕಿಂತ ಮುಖ್ಯವಾದದ್ದು ರಕ್ಷಣೆ. ಇಲ್ಲಿ ನ್ಯೂಟ್ರಲ್ ಎಂಬುದೇ ಇಲ್ಲ, ಎರಡೂ ತಂತಿಗಳಲ್ಲಿ ಜೀವವಿದೆ. ಮನೆಯ ಮುಖ್ಯ ಬೋರ್ಡಿನ ಆರ್‌ಸಿಸಿಬಿಗೆ (ಅರ್ತ್‌ಗೆ ಸೋರಿಕೆ ಕಂಡೊಡನೆ ವಿದ್ಯುತ್ ಕಡಿಯುವ ಸ್ವಿಚ್) ಟ್ರಾನ್ಸ್‌ಫಾರ್ಮರಿನ ಆಚೆಯ ಸೋರಿಕೆ ಕಾಣುವುದೇ ಇಲ್ಲವಾದ್ದರಿಂದ, ಸೆಕೆಂಡರಿಯಲ್ಲಿ 30 ಮಿಲಿಆಂಪಿಯರ್‌ನ ಎರಡು ಪೋಲ್ ಆರ್‌ಸಿಸಿಬಿಯನ್ನೂ, ಎರಡೂ ತಂತಿಗಳನ್ನು ಕಡಿಯುವ ಎಂಸಿಬಿಯನ್ನೂ ಬೇರೆಯಾಗಿಯೇ ಹಾಕಬೇಕು. ನಡುಬಿಂದುವಿನ ಅರ್ತ್ ಆರ್‌ಸಿಸಿಬಿಗಿಂತ ಮೊದಲೇ ಇರಬೇಕು. ಸಾಕೆಟ್‌ಗೆ ಮಾಮೂಲಿ ಸ್ವಿಚ್ ಇಡಬೇಡಿ, ಅದು ಒಂದೇ ತಂತಿಯನ್ನು ಕಡಿದು ಇನ್ನೊಂದರಲ್ಲಿ 115 ವೋಲ್ಟ್ ಉಳಿಸುತ್ತದೆ. ಆಡಿಯೊ ಉಪಕರಣಗಳಿಗೆ ಹೊರತು ಬೇರೆ ಯಾವುದಕ್ಕೂ ಈ ಸಾಕೆಟ್ ಬಳಸಬಾರದು.

ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ ಅದು ತಟ್ಟನೆ ವಿದ್ಯುತ್ ಕಡಿಯುವುದನ್ನು ನೋಡಿದ ಮೇಲೆಯೇ ಉಪಕರಣಗಳನ್ನು ಒಂದೊಂದಾಗಿ ಜೋಡಿಸಿ. ರೆಕಾರ್ಡ್ ಪ್ಲೇಯರ್ ಇದ್ದರೆ ಪೆಟ್ಟಿಗೆಯನ್ನು ಅದರಿಂದ ಒಂದು ಮೀಟರಾದರೂ ದೂರವಿಡಿ. ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರವನ್ನು ಪ್ಲೇಯರಿನ ಸೂಜಿ ಹೊತ್ತ ಕಾರ್ಟ್ರಿಜ್ ಹಿಡಿದುಕೊಂಡರೆ, ಓಡಿಸಿದ ಗುಂಯ್ ಸದ್ದೇ ಮತ್ತೊಂದು ಬಾಗಿಲಿನಿಂದ ಒಳಬರುತ್ತದೆ.